ಬಡಿಸುವ ಕೈಯ ಪಾಠ: ದಾಸೋಹ ಪರಂಪರೆ ಮತ್ತು ಎಳೆಯರ ಶಿಕ್ಷಣ

ಕಲ್ಯಾಣದ ಶರಣರ ಕಥನಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವು ಭಕ್ತರೆಲ್ಲರೂ ಬಲ್ಲದ್ದೇ ಆಗಿದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವೆಂದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ನಿತ್ಯವೂ ಜಂಗಮ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇರಿಸಿಕೊಂಡು, ಹೆಚ್ಚಾದುದನ್ನು ಎಲ್ಲಿಂದ ಆಯ್ದರೋ ಅಲ್ಲಿಯೇ ಚೆಲ್ಲಿ ಬರುವಂತೆ ಗಂಡನಿಗೆ ತಿಳಿಹೇಳಿದರು. ಶೂನ್ಯಸಂಪಾದನೆಯು ಈ ಪ್ರಸಂಗಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ.

ಈ ಕಥೆಯನ್ನು ಅಪರಿಗ್ರಹದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆ ಅರ್ಥ ಸರಿಯಾದದ್ದೇ. ಆದರೆ ಅದರಲ್ಲಿ ಇನ್ನೊಂದು ಮಾತು ಅಡಗಿದೆ. ಅದರತ್ತ ವ್ಯಾಖ್ಯಾನಕಾರರ ಗಮನ ಹರಿದಿರುವುದು ಕಡಿಮೆ. ಕಲ್ಯಾಣದಲ್ಲಿ ಧನಿಕರಿಗೆ ಕೊರತೆಯಿರಲಿಲ್ಲ, ಬಿಜ್ಜಳನ ಭಂಡಾರವೂ ದೂರವಿರಲಿಲ್ಲ. ಹಾಗಿದ್ದೂ ನೆಲಕ್ಕೆ ಬಿದ್ದ ಕಾಳನ್ನು ಆಯುವವರು, ಲೋಕದ ಲೆಕ್ಕದಲ್ಲಿ ಪಡೆಯುವ ಸಾಲಿನಲ್ಲಿ ನಿಲ್ಲಬೇಕಾದವರು, ಇಲ್ಲಿ ನೀಡುವವರಾಗಿದ್ದಾರೆ. ಸೇವೆಯೆಂಬುದು ಉಳ್ಳವರು ಇಲ್ಲದವರಿಗೆ ಮಾಡುವ ಉಪಕಾರವೆಂಬ ತಿಳಿವಳಿಕೆಯನ್ನೇ ಈ ಬಡ ದಂಪತಿಗಳು ತಲೆಕೆಳಗು ಮಾಡಿದ್ದಾರೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಬೇಡುವ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಉಣ್ಣುವವನು ಅವನ ಪಾಲಿಗೆ ಜಂಗಮ.

ನುಲಿಯ ಚಂದಯ್ಯನವರ ಪ್ರಸಂಗ ಇನ್ನೂ ಕಠಿಣವಾದುದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ಅವರ ಕೊರಳಿನ ಇಷ್ಟಲಿಂಗವು ಜಾರಿ ಬಿದ್ದಾಗ, ಕಾಯಕ ಕೆಡುವುದೆಂದು ಅವರು ಅದನ್ನು ಎತ್ತಿಕೊಳ್ಳದೆ ನಡೆದರಂತೆ. ಕೊನೆಗೆ ಮಡಿವಾಳ ಮಾಚಯ್ಯನವರ ಮಧ್ಯಸ್ಥಿಕೆಯಲ್ಲಿ ಲಿಂಗವೇ ಹಗ್ಗ ಮಾರುವ ಕೆಲಸಕ್ಕೆ ಒಪ್ಪಬೇಕಾಯಿತು. ಗುರುವಿಗಾಗಲಿ ಲಿಂಗಕ್ಕಾಗಲಿ ಕಾಯಕದಿಂದ ವಿನಾಯಿತಿಯಿಲ್ಲವೆಂದ ಮೇಲೆ, ವಿದ್ಯಾರ್ಥಿಗೆ ವಿನಾಯಿತಿ ಎಲ್ಲಿಯದು? ಎಳೆಯರಿಗೆ ಸಮಾಜಸೇವೆಯನ್ನು ಕಲಿಸುವ ವಿಧಾನದ ಬಗೆಗೆ ಇಂದು ನಡೆಯುವ ಚರ್ಚೆಗಳಿಗೆಲ್ಲ ಈ ಎರಡು ಪ್ರಸಂಗಗಳು ಮುನ್ನುಡಿಯಂತಿವೆ. ಈ ತತ್ತ್ವವು ಪುಸ್ತಕದಿಂದಿಳಿದು ಅಡುಗೆಮನೆಗೂ ವಿದ್ಯಾರ್ಥಿನಿಲಯಕ್ಕೂ ಬಂದ ಬಗೆಯನ್ನು ನೋಡಬೇಕಾದರೆ ಬೆಂಗಳೂರಿಗೂ ತುಮಕೂರಿಗೂ ನಡುವಿನ ಶಿವಗಂಗೆಯ ಸೀಮೆಯ ಕಡೆಗೆ ತಿರುಗಬೇಕು.

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಮಳೆಗಾಲದ ಅತಿಥಿಗಳು. ಕೆರೆ ತುಂಬಿದರೆ ಬೆಳೆ, ಇಲ್ಲವಾದರೆ ಬರ. ರಾಗಿ, ಅವರೆ, ಹುರುಳಿಗಳೇ ಇಲ್ಲಿಯ ಜನರ ಬದುಕು. 1876ರಿಂದ 1878ರವರೆಗಿನ ಮಹಾ ಕ್ಷಾಮವು ಈ ಬದುಕಿನ ಬುಡವನ್ನೇ ಅಲ್ಲಾಡಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1881ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಸರ್ಕಾರ ಗಂಜಿಕೇಂದ್ರಗಳನ್ನು ತೆರೆಯಿತು. ಹಳ್ಳಿಗರು ಕೂಲಿಯನ್ನೂ ಕೂಳನ್ನೂ ಅರಸಿ ಬೆಂಗಳೂರಿನ ದಾರಿ ಹಿಡಿದರು. ಗಂಜಿಕೇಂದ್ರದಿಂದ ಉಳಿದ ಜೀವಗಳು ಬಹಳ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಗಂಜಿಯ ಸಾಲಿಗೂ ಪ್ರಸಾದದ ಪಂಕ್ತಿಗೂ ಒಂದು ವ್ಯತ್ಯಾಸವಿದೆ. ಸಾಲಿನಲ್ಲಿ ನಿಂತವನು ಮುಂದಿನವನ ಬೆನ್ನನ್ನು ನೋಡುತ್ತಾನೆ. ಪಂಕ್ತಿಯಲ್ಲಿ ಕುಳಿತವನು ಎದುರಿನವನ ಮುಖವನ್ನು ನೋಡುತ್ತಾನೆ.

ಆ ಕ್ಷಾಮವನ್ನು ಕಂಡ ತಲೆಮಾರಿಗೆ ಸೇರಿದವರು ಗುಬ್ಬಿ ತೋಟದಪ್ಪನವರು. 1838ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರ ನಡೆಸಿ, ಗಳಿಸಿದುದನ್ನು ಧರ್ಮಕ್ಕೆ ಬಿಟ್ಟುಕೊಟ್ಟ ಈ ಮಹನೀಯರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಎದುರು ಧರ್ಮಛತ್ರವನ್ನು ತೆರೆದರು. ಊರಿಂದ ಬಂದ ಪ್ರಯಾಣಿಕನಿಗೆ ತಂಗಲು ಎಡೆ, ಓದಲು ಬಂದ ಬಡ ಹುಡುಗನಿಗೆ ಊಟ ಮತ್ತು ವಸತಿ ಎಂಬ ಎರಡು ಕೆಲಸಗಳನ್ನು ಅವರ ಧರ್ಮಸಂಸ್ಥೆ ಕೈಗೆತ್ತಿಕೊಂಡಿತು. ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಹೆಸರಾದ ಕೆ.ಪಿ. ಪುಟ್ಟಣ್ಣಚೆಟ್ಟರು ಆ ಸಂಸ್ಥೆಯ ಆಡಳಿತಕ್ಕೆ ಹೆಗಲು ಕೊಟ್ಟರು. ತೋಟದಪ್ಪನವರು 1910ರಲ್ಲಿ ಲಿಂಗೈಕ್ಯರಾದರು. ರೈಲಿನಿಂದಿಳಿದ ಹಳ್ಳಿಯ ಹುಡುಗನಿಗೆ ಮೊದಲು ಕಾಣುತ್ತಿದ್ದುದೇ ಆ ಕಟ್ಟಡ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರನು ಉಂಡದ್ದು ಆ ಛತ್ರದ ಅನ್ನವನ್ನೇ.

ಆ ದಶಕವೇ ವಿದ್ಯಾರ್ಥಿನಿಲಯಗಳ ದಶಕವೆನ್ನಬಹುದು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಗೊಂಡವು. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳು ಊರೂರುಗಳಲ್ಲಿ ಪ್ರಸಾದನಿಲಯಗಳಿಗೆ ಆಶ್ರಯವಿತ್ತರು. ಉತ್ತರದಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಜೋಳಿಗೆ ಹಿಡಿದು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು.

ಇವೆಲ್ಲವೂ ನಾಡು ಮರೆಯಲಾಗದ ಉಪಕಾರಗಳು. ಆದರೂ ಇತಿಹಾಸವನ್ನು ಪ್ರಾಮಾಣಿಕವಾಗಿ ನೋಡುವವರು ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗಬೇಕೆಂಬ ಬೇಡಿಕೆ ಬಲಗೊಳ್ಳುತ್ತಿದ್ದ ಕಾಲ ಅದು. 1918ರಲ್ಲಿ ಮಿಲ್ಲರ್ ಸಮಿತಿಯ ನೇಮಕವಾದದ್ದೂ ಆ ಬೇಡಿಕೆಯ ಫಲವೇ. ಆದುದರಿಂದ ಆ ಕಾಲದ ವಿದ್ಯಾರ್ಥಿನಿಲಯಗಳು ತಂತಮ್ಮ ಸಮುದಾಯದ ಹುಡುಗರನ್ನು ಮೇಲೆತ್ತುವ ಏಣಿಗಳಾಗಿಯೇ ಮೊದಲು ರೂಪುಗೊಂಡವು. ನ್ಯಾಯವಾದ ಉದ್ದೇಶವೇ ಅದು, ಅನುಮಾನವಿಲ್ಲ. ಆದರೆ ಏಣಿ ಹತ್ತಿದವನು ಕೆಳಗಿರುವವನಿಗೆ ಕೈಚಾಚಬೇಕೆಂಬುದನ್ನು ಏಣಿ ತಾನಾಗಿಯೇ ಕಲಿಸುವುದಿಲ್ಲ. ಉಚಿತವಾಗಿ ಉಂಡವನು ಉಪಕೃತನಾಗುತ್ತಾನೆ; ಉಪಕೃತನೆಲ್ಲರೂ ಸೇವಕರಾಗುವುದಿಲ್ಲ. ಜಾತಿಯ ಗೆರೆಯನ್ನು ಅಳಿಸಿ ಮಹಾಮನೆಯ ಬಾಗಿಲು ತೆರೆದ ಕಲ್ಯಾಣದ ದಾಸೋಹವು ಎಂಟು ಶತಮಾನಗಳ ಬಳಿಕ ಒಂದು ಸಮುದಾಯದ ಹಾಜರಿ ಪಟ್ಟಿಗೆ ಇಳಿದುದು ಸಂಕೋಚವೇ ಹೊರತು ವಿಕಾಸವಲ್ಲ.

ಆ ಸಂಕೋಚವನ್ನು ಮತ್ತೆ ಬಿಡಿಸಿದವರು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿಯೇ ಉಂಡು ಬೆಳೆದ ಒಬ್ಬ ವಿದ್ಯಾರ್ಥಿ ಎಂಬುದು ಗಮನಾರ್ಹ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಮಗನಾಗಿ ಜನಿಸಿದ ಶಿವಣ್ಣ ಅವರು. ಮಾಗಡಿ ಆಗ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಜಿಲ್ಲೆ ಇಬ್ಭಾಗವಾದಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ, 2007ರವರೆಗೂ ಅಲ್ಲಿಯೇ ಉಳಿದಿತ್ತು. ಶಿವಣ್ಣನವರು ತುಮಕೂರಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ, ತೋಟದಪ್ಪನವರ ನಿಲಯದಲ್ಲಿ ವಾಸವಾಗಿದ್ದರು. ಸಿದ್ಧಗಂಗಾ ಮಠದ ಉದ್ದಾನ ಶಿವಯೋಗಿಗಳು ತಮ್ಮ ಉತ್ತರಾಧಿಕಾರಿಯೆಂದು ಆರಿಸಿಕೊಂಡಿದ್ದ ಮರುಳಾರಾಧ್ಯರು 1930ರ ಜನವರಿಯಲ್ಲಿ ಅಕಾಲಿಕವಾಗಿ ಲಿಂಗೈಕ್ಯರಾದರು. ಅಂತ್ಯಕ್ರಿಯೆಗೆ ಬಂದ ಗೆಳೆಯ ಶಿವಣ್ಣನವರ ಮೇಲೆ ಶಿವಯೋಗಿಗಳ ದೃಷ್ಟಿ ನಿಂತಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕಾಲೇಜು ವಿದ್ಯಾರ್ಥಿಯು ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಬಳಿಕ ಮಠದ ಪೂರ್ಣ ಹೊಣೆ ಅವರ ಮೇಲೆ ಬಿದ್ದಿತು.

ಸಿದ್ಧಗಂಗೆಯಲ್ಲಿ ದಾಸೋಹ ಹೊಸದಾಗಿರಲಿಲ್ಲ. ಅಟವೀ ಸ್ವಾಮಿಗಳ ಕಾಲದಲ್ಲಿ ಹೊತ್ತಿದ ಒಲೆ ಇಂದಿಗೂ ಆರಿಲ್ಲವೆಂಬುದು ಭಕ್ತರ ನಂಬಿಕೆ. 1917ರಲ್ಲಿ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿ, ಆ ಒಲೆಯ ಮುಂದೆ ವಿದ್ಯಾರ್ಥಿಗಳನ್ನು ಕೂರಿಸಿದ್ದರು. ಶಿವಕುಮಾರ ಸ್ವಾಮಿಗಳು ಮಾಡಿದ ಹೊಸ ಕೆಲಸ ಎರಡು. ಒಂದು, ಬಾಗಿಲಿನಲ್ಲಿ ಜಾತಿಮತವನ್ನು ಕೇಳುವ ಪದ್ಧತಿಗೆ ಎಡೆಗೊಡದಿದ್ದುದು. ಲಿಂಗಾಯತ, ಒಕ್ಕಲಿಗ, ಕುರುಬ, ದಲಿತ, ಮುಸಲ್ಮಾನ ಮನೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತರು. ಎರಡನೆಯದು ಅಷ್ಟು ಪ್ರಸಿದ್ಧವಲ್ಲ, ಆದರೆ ಈ ಲೇಖನದ ವಿಷಯಕ್ಕೆ ಅದೇ ಮುಖ್ಯ: ಉಣ್ಣುವ ಮಕ್ಕಳನ್ನೇ ದಾಸೋಹದ ಕೈಗಳನ್ನಾಗಿ ಮಾಡಿದುದು.

ಪ್ರತಿ ವರ್ಷ ಬೇಸಗೆಯ ಕೊನೆಗೆ ತಂದೆತಾಯಿಗಳು ಮಕ್ಕಳನ್ನು ಕರೆತಂದು ಮಠದ ಆವರಣದಲ್ಲಿ ನಿಲ್ಲುತ್ತಿದ್ದರು. ನೆಲಮಂಗಲದಾಚೆಯ ಒಣಭೂಮಿಯವರು, ಮಾಗಡಿಯವರು, ಕುಣಿಗಲ್ಲಿನವರು, ಪಾವಗಡ ಮಧುಗಿರಿಗಳವರು, ಮುಂದೆ ಉತ್ತರ ಕರ್ನಾಟಕದ ಬರಪೀಡಿತ ಜಿಲ್ಲೆಗಳವರು. ಕೆಲವು ನೂರರಷ್ಟಿದ್ದ ಸಂಖ್ಯೆ ಬೆಳೆದು ಹತ್ತು ಸಾವಿರದ ಸಮೀಪಕ್ಕೆ ಬಂದಿತು. ದಿನಕ್ಕೆ ಮೂರು ಹೊತ್ತು ಅಷ್ಟು ಮಕ್ಕಳಿಗೆ ಉಣಿಸುವುದು ಸಂಬಳದವರಿಂದ ಮಾತ್ರ ಸಾಗುವ ಕೆಲಸವಲ್ಲ. ಬಡಿಸುವುದರಲ್ಲಿ, ಕೋಣೆ ಅಂಗಳಗಳನ್ನು ಗುಡಿಸುವುದರಲ್ಲಿ, ಜಾತ್ರೆಯ ದಿನಗಳಲ್ಲಿ ಬಂದ ಯಾತ್ರಿಕರ ಸೇವೆಯಲ್ಲಿ ಮಕ್ಕಳ ಕೈ ಸೇರಿತು. ಮಹಾಶಿವರಾತ್ರಿಯ ಸಮಯದಲ್ಲಿ ನಡೆಯುವ ಸಿದ್ಧಗಂಗೆಯ ಜಾತ್ರೆಯೆಂದರೆ ದನಗಳ ಪರಿಷೆಯೂ ಹೌದು, ಕೃಷಿ ಕೈಗಾರಿಕೆಗಳ ವಸ್ತುಪ್ರದರ್ಶನವೂ ಹೌದು. ರೈತನ ಮಗ ತನ್ನ ತಂದೆಯ ವಯಸ್ಸಿನ ರೈತರಿಗೆ ಅಲ್ಲಿ ಅನ್ನ ನೀಡುತ್ತಾನೆ.

ಈ ಅನ್ನ ಬಂದ ದಾರಿಯನ್ನು ಮಕ್ಕಳಿಂದ ಮುಚ್ಚಿಡಲಿಲ್ಲ ಎಂಬುದೂ ಒಂದು ಪಾಠವೇ. ಆರಂಭದ ವರ್ಷಗಳಲ್ಲಿ ಸ್ವಾಮಿಗಳೇ ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋಗುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ ರಾಗಿ, ಭತ್ತ, ಬೆಲ್ಲ, ತೆಂಗಿನಕಾಯಿಗಳ ಗಾಡಿಗಳು ಮಠದತ್ತ ಬರುತ್ತಿದ್ದವು. ತಾನು ಉಣ್ಣುವ ಮುದ್ದೆಯಲ್ಲಿ ಯಾವುದೋ ಊರಿನ ಬಡ ಒಕ್ಕಲಿನ ಪಾಲಿದೆಯೆಂದು ತಿಳಿದು ಉಣ್ಣುವ ಹುಡುಗನಿಗೆ ಸೇವೆಯ ಬಗೆಗೆ ಉಪನ್ಯಾಸದ ಅಗತ್ಯ ಹೆಚ್ಚಾಗಿ ಇರಲಾರದು. ತಟ್ಟೆಯ ಆಚೆಗೆ ಏನಿದೆಯೆಂಬುದು ಕಾಣದಂತೆ ಊಟ ಒದಗಿಸುವ ವ್ಯವಸ್ಥೆಗಳು ಎಷ್ಟೇ ಶುಚಿಯಾಗಿದ್ದರೂ ಈ ಒಂದು ಪಾಠವನ್ನು ಕಲಿಸಲಾರವು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಓದಲು ಬಂದ ಬಡ ಮಕ್ಕಳಿಂದ ಕೆಲಸ ಮಾಡಿಸುವುದು ಸರಿಯೇ? ಇದನ್ನು ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ನೆರೆಯ ಕೋಲಾರ ಜಿಲ್ಲೆಯ ಒಂದು ಸರ್ಕಾರಿ ವಸತಿಶಾಲೆಯಲ್ಲಿ ದಲಿತ ವಿದ್ಯಾರ್ಥಿಗಳನ್ನು ಶೌಚಗುಂಡಿಗೆ ಇಳಿಸಿ ಶುಚಿಗೊಳಿಸಿದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಅದನ್ನು ಶ್ರಮದಾನವೆಂದು ಯಾರಾದರೂ ಕರೆದರೆ ಶರಣರ ಶಬ್ದಕ್ಕೆ ಅದಕ್ಕಿಂತ ದೊಡ್ಡ ಅಪಚಾರ ಬೇರೆಯಿಲ್ಲ. ಕಾಯಕಕ್ಕೂ ಬಿಟ್ಟಿ ಚಾಕರಿಗೂ ಇರುವ ಗೆರೆಯನ್ನು ಗುರುತಿಸಲು ಚಂದಯ್ಯನವರ ಪ್ರಸಂಗವೇ ಸಾಕು: ಅಲ್ಲಿ ಕೆಲಸದಿಂದ ಲಿಂಗಕ್ಕೂ ಬಿಡುವಿಲ್ಲ. ಪೊರಕೆ ಎಲ್ಲ ಮಕ್ಕಳ ಕೈಗೂ ಸರದಿಯಂತೆ ಬರಬೇಕು, ಗುರುವಿನ ಕೈಗೂ ಬರಬೇಕು. ಅದು ಒಂದು ಜಾತಿಯ ಮಕ್ಕಳ ಕೈಯಲ್ಲಿಯೇ ನಿಂತರೆ ಕಲಿಸುವುದು ಸೇವೆಯನ್ನಲ್ಲ, ಹಳೆಯ ಶ್ರೇಣಿಯನ್ನು. ಜೀವಕ್ಕೂ ಮಾನಕ್ಕೂ ಕುಂದು ತರುವ ಕೆಲಸವಂತೂ ಯಾವ ಮಗುವಿನ ಕೈಗೂ ಬರಕೂಡದು. ಶತಾಯುಷಿಯಾದ ಮೇಲೂ ಸಿದ್ಧಗಂಗೆಯ ಶ್ರೀಗಳ ದಿನಚರಿಯಲ್ಲಿ ಮಕ್ಕಳ ಪ್ರಾರ್ಥನೆ, ಭಕ್ತರ ಭೇಟಿ, ದಾಸೋಹದ ಮೇಲ್ವಿಚಾರಣೆಗಳಿಗೆ ಬಿಡುವಿರಲಿಲ್ಲ. ಮಕ್ಕಳು ಕಂಡದ್ದು ಆ ದಿನಚರಿಯನ್ನು.

ಮಠದ ಆವರಣದ ಹೊರಗೂ ಎಳೆಯರಿಗೆ ಈ ಶಿಕ್ಷಣವನ್ನು ಕೊಡಲು ಯತ್ನಿಸಿದವರಿದ್ದಾರೆ. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿ, ಶಾಲಾ ಶಿಕ್ಷಕರಾಗಿದ್ದು, ಆ ಕೆಲಸವನ್ನು ಬಿಟ್ಟು ದೇಶಸೇವೆಗೆ ನಿಂತ ಹರ್ಡೇಕರ್ ಮಂಜಪ್ಪನವರು ಅವರಲ್ಲಿ ಮೊದಲಿಗರು. 1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಅಪ್ಪಗಳೊಡನೆ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದವರೂ ಅವರೇ. ಜಯಂತಿಯೆಂದರೆ ಇಂದು ಮೆರವಣಿಗೆ, ಧ್ವನಿವರ್ಧಕಗಳು ನೆನಪಾಗುತ್ತವೆ. ಮಂಜಪ್ಪನವರ ಮನಸ್ಸಿನಲ್ಲಿದ್ದುದು ತರುಣರಲ್ಲಿ ದುಡಿಮೆ, ಸರಳತೆ ಮತ್ತು ಪರಸೇವೆಗಳನ್ನು ಬೆಳೆಸುವ ವ್ರತಾಚರಣೆ. ಆಲಮಟ್ಟಿಯಲ್ಲಿ ಅವರು ನಡೆಸಿದ ವಿದ್ಯಾಲಯವೂ ಅದೇ ನೇಮದ್ದು. ಗಾಂಧೀಜಿಯವರ ಮಾರ್ಗವನ್ನೂ ಬಸವಣ್ಣನವರ ಕಾಯಕವನ್ನೂ ಒಂದೇ ನೂಲಿನಲ್ಲಿ ಪೋಣಿಸಿದ ಕಾರಣ ಜನ ಅವರನ್ನು ಕರ್ನಾಟಕದ ಗಾಂಧಿಯೆಂದರು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಉಳಿದಿರುವಾಗ, ಅವರು ಲಿಂಗೈಕ್ಯರಾದರು.

ಸ್ವಾತಂತ್ರ್ಯಾನಂತರ ಇದೇ ಕೆಲಸವನ್ನು ಸರ್ಕಾರ ತನ್ನದಾಗಿಸಿಕೊಂಡಿತು. 1952ರ ಅಕ್ಟೋಬರ್ 2ರಂದು ದೇಶದ 55 ಕಡೆಗಳಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಗ್ರಾಮಸೇವಕರು ಬಂದರು, ರಸ್ತೆ, ಬಾವಿ, ಶಾಲಾ ಕಟ್ಟಡಗಳಾದವು. ಹಳ್ಳಿಗರ ಶ್ರಮದಾನವನ್ನು ಯೋಜನೆ ನಿರೀಕ್ಷಿಸಿತ್ತಾದರೂ ಕ್ರಮೇಣ ಅದು ಇಲಾಖೆಯ ಕೆಲಸವೇ ಆಯಿತು. 1969ರ ಸೆಪ್ಟೆಂಬರ್ 24ರಂದು, ಗಾಂಧೀ ಜನ್ಮಶತಮಾನೋತ್ಸವದ ವರ್ಷದಲ್ಲಿ, ಆಗಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಒಂದು ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ಎಂಬುದು ಅದರ ಕ್ರಮ. ಕಾಲೇಜು ಹುಡುಗರು ಬಂದು ದೇವಸ್ಥಾನದ ಅಂಗಳ ಗುಡಿಸಿ, ಚರಂಡಿ ತೋಡಿ, ರಾತ್ರಿ ನಾಟಕವಾಡಿ ಹೋದುದನ್ನು ನೆಲಮಂಗಲ, ಹೊಸಕೋಟೆಗಳ ಕಡೆಯ ಹಳ್ಳಿಗಳೂ ಕಂಡಿವೆ.

ಆ ಏಳು ದಿನಗಳನ್ನು ಕಡೆಗಣಿಸಬೇಕಾಗಿಲ್ಲ. ಹಳ್ಳಿಯನ್ನೇ ಕಾಣದ ಹುಡುಗನಿಗೆ ಅದು ಕಣ್ಣು ತೆರೆಸುತ್ತದೆ. ಆದರೆ ಶಿಬಿರದಲ್ಲಿ ವಿದ್ಯಾರ್ಥಿಯು ಕೊಡುವವನಾಗಿ ಬರುತ್ತಾನೆ, ಹಳ್ಳಿ ಪಡೆಯುವುದಾಗಿ ನಿಲ್ಲುತ್ತದೆ. ಎಂಟನೆಯ ದಿನ ಬಸ್ಸು ಹೊರಟ ಮೇಲೆ ಇಬ್ಬರಿಗೂ ಸಂಬಂಧ ಉಳಿಯುವುದಿಲ್ಲ. ಅಂಗಳವನ್ನು ಮತ್ತೆ ಗುಡಿಸುವವರು ಮೊದಲಿನಿಂದ ಗುಡಿಸುತ್ತಿದ್ದವರೇ. ಗಂಟೆಗಳನ್ನು ಎಣಿಸಿ ಪ್ರಮಾಣಪತ್ರ ಕೊಡುವ ಕ್ರಮದಲ್ಲಿ ಲಕ್ಕಮ್ಮನವರು ಎಚ್ಚರಿಸಿದ ಅಪಾಯವೇ ಇನ್ನೊಂದು ವೇಷದಲ್ಲಿದೆ: ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಪುಣ್ಯವನ್ನು ಮಡಿಲಿಗೆ ತುಂಬಿಕೊಂಡು ಮನೆಗೆ ತರುವುದು.

ಲಕ್ಕಮ್ಮನವರ ಹೆಸರು ಬಂದಾಗ ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ದಾಸೋಹದ ಅತ್ಯಂತ ಸೂಕ್ಷ್ಮ ಪಾಠವನ್ನು ಹೇಳಿಕೊಟ್ಟವರು ಒಬ್ಬ ಹೆಣ್ಣುಮಗಳು. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದ ಪ್ರಸಾದನಿಲಯಗಳು ಬಹುತೇಕ ಗಂಡುಮಕ್ಕಳವೇ. ಶರಣೆಯರ ವಚನಗಳನ್ನು ಪ್ರಾರ್ಥನೆಯಲ್ಲಿ ಹಾಡಿದ ಹುಡುಗರ ಅಕ್ಕತಂಗಿಯರು ಊರಿನಲ್ಲಿ ದನ ಕಾಯುತ್ತಿದ್ದರು, ಇಲ್ಲವೇ ಹದಿನಾಲ್ಕಕ್ಕೆ ಮದುವೆಯಾಗುತ್ತಿದ್ದರು. ಸೊಲ್ಲಾಪುರದಲ್ಲಿ ಮರಾಠಿಯ ನಡುವೆ ಕನ್ನಡವನ್ನೂ ಶರಣ ತತ್ತ್ವವನ್ನೂ ಹೆಂಗಳೆಯರ ಶಿಕ್ಷಣವನ್ನೂ ಹೊತ್ತು ನಡೆದ ಜಯದೇವಿತಾಯಿ ಲಿಗಾಡೆಯವರಂಥವರು ವಿರಳ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಆ ಪೀಠವೇರಿದ ಮೊದಲ ಮಹಿಳೆ ಅವರೆಂಬುದು ಅವರಿಗೆ ಗೌರವ, ಉಳಿದವರಿಗೆ ಯೋಚನೆ.

ಇನ್ನು ಇಂದಿನ ಮಾತು. ದಾಸೋಹವೆಂಬ ಶಬ್ದ ಈಗ ಸರ್ಕಾರಿ ಕಡತಕ್ಕೂ ಸೇರಿದೆ. 2002ರಲ್ಲಿ ಆರಂಭವಾದ ಶಾಲಾ ಮಕ್ಕಳ ಬಿಸಿಯೂಟಕ್ಕೆ ಕರ್ನಾಟಕವು ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಶಿವಕುಮಾರ ಸ್ವಾಮಿಗಳ ಪುಣ್ಯದಿನವನ್ನು ದಾಸೋಹ ದಿನವೆಂದು ಘೋಷಿಸಿತು. ಶಬ್ದ ಹರಡಿದಷ್ಟು ಅರ್ಥವೂ ಹರಡಬೇಕಷ್ಟೆ. ಹಳೆಯ ಬರಗಾಲದ ಸೀಮೆಯೂ ಗುರುತು ಸಿಗದಂತೆ ಬದಲಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ರಾಗಿಯ ಹೊಲ ಚದರಡಿಯ ಲೆಕ್ಕಕ್ಕೆ ಬಂದಿತು. ದೊಡ್ಡಬಳ್ಳಾಪುರದ ಮಗ್ಗಗಳ ಪಕ್ಕದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು, ಶಿವಗಂಗೆಯ ಬುಡದ ದಾಬಸ್‌ಪೇಟೆಯಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿವೆ. ಹೊಲ ಮಾರಿದ ಮನೆಯ ಹುಡುಗನ ಕೈಯಲ್ಲಿ ಹಣವಿದೆ, ಕೆಲಸವಿಲ್ಲ. ಬಿಹಾರ, ಒಡಿಶಾಗಳಿಂದ ಬಂದ ಕೂಲಿಕಾರನ ಕೈಯಲ್ಲಿ ಕೆಲಸವಿದೆ, ಸೂರಿಲ್ಲ. ಅವನ ಮಗು ಶಾಲೆಯ ಬಾಗಿಲಲ್ಲಿ ನಿಂತು ತನಗೆ ತಿಳಿಯದ ಕನ್ನಡವನ್ನು ಕೇಳುತ್ತಿದೆ. ಮಕ್ಕಳು ನಗರ ಸೇರಿದ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿದ್ದಾರೆ. ಹಸಿದವರು ಯಾರೆಂಬ ಪ್ರಶ್ನೆಗೆ 1876ರ ಉತ್ತರ ಇಂದು ಸಾಲದು.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಇಂಥ ಬದಲಾವಣೆಯನ್ನು ಬಹು ಹಿಂದೆಯೇ ಗ್ರಹಿಸಿದ್ದರು. 1975ರಲ್ಲಿ ಅವರು ಹಿಡಿದ ಜೋಳಿಗೆಗೆ ಕಾಳು ಬೇಡಿರಲಿಲ್ಲ. ಕುಡಿತ, ತಂಬಾಕುಗಳ ಚಟವನ್ನು ಅದರಲ್ಲಿ ಹಾಕಿರೆಂದು ಮನೆಮನೆಗೆ ಹೋಗಿ ಬೇಡಿದರು. ಅದೇ ಜೋಳಿಗೆ, ಬೇರೆ ಭಿಕ್ಷೆ. ಹೊಲ ಮಾರಿದ ಹಣ ಮದ್ಯದಂಗಡಿಗೆ ಹರಿಯುತ್ತಿರುವ ಊರುಗಳಲ್ಲಿ ಆ ಜೋಳಿಗೆ ಹಿಡಿಯುವ ಕೆಲಸ ತರುಣರದೇ ಆಗಬೇಕು, ಏಕೆಂದರೆ ಹಿರಿಯರ ಬುದ್ಧಿಮಾತಿಗಿಂತ ಓರಗೆಯವನ ಕೈ ಹೆಚ್ಚು ಬಲವುಳ್ಳದ್ದು. ಕೂಲಿಕಾರರ ಮಕ್ಕಳಿಗೆ ಸಂಜೆಯ ಹೊತ್ತು ಕನ್ನಡ ಅಕ್ಷರ ಹೇಳಿಕೊಡುವ ಕಾಲೇಜು ಹುಡುಗಿಯೂ, ಒಂಟಿ ಮುದುಕರ ಔಷಧಿ ತಂದುಕೊಡುವ ಹುಡುಗನೂ ಪ್ರಮಾಣಪತ್ರವಿಲ್ಲದೆಯೇ ಮಾರಯ್ಯನವರ ಅಂಗಳದಲ್ಲಿದ್ದಾರೆ. ಚೆಲ್ಲಿದ ಕಾಳು ಎಲ್ಲಿ ಬಿದ್ದಿದೆಯೆಂದು ಬಗ್ಗಿ ನೋಡುವುದೇ ಮೊದಲ ಅಭ್ಯಾಸ.

ಸಿದ್ಧಗಂಗೆಯಲ್ಲಿ ಕಲಿತು ಹೊರಬಂದವರು ಅಧಿಕಾರಿಗಳಾದರು, ಶಿಕ್ಷಕರಾದರು, ರೈತರಾದರು, ವ್ಯಾಪಾರಿಗಳಾದರು. ಅವರೆಲ್ಲರೂ ಸೇವಕರಾದರೆಂದು ಹೇಳಿದರೆ ಅದು ಭಕ್ತಿಯ ಮಾತಾದೀತೇ ಹೊರತು ಇತಿಹಾಸವಾಗದು. ಆದರೆ ಅವರಲ್ಲಿ ಅನೇಕರು ಸುಗ್ಗಿಯ ಕಾಲಕ್ಕೆ ತಮ್ಮ ಊರಿನಿಂದ ಒಂದು ಚೀಲ ಧಾನ್ಯವನ್ನು ಮಠದತ್ತ ಕಳುಹಿಸುತ್ತ ಬಂದಿದ್ದಾರೆ. ಉಂಡ ಮಗು ಬೆಳೆದು ಉಣಿಸುವ ಮನೆಯಾಗುವ ಈ ಸುತ್ತಿನಿಂದಲೇ ಆ ಒಲೆ ಉರಿಯುತ್ತಿದೆ.

2019ರ ಜನವರಿ 21ರ ಸೋಮವಾರ ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ, 111 ವರ್ಷಗಳ ತುಂಬು ಬಾಳನ್ನು ಮುಗಿಸಿ, ಶ್ರೀಗಳು ಲಿಂಗೈಕ್ಯರಾದರು. ಮಠದ ಸುತ್ತ ಅಷ್ಟು ಹೊತ್ತಿಗಾಗಲೇ ಜನ ಸೇರಿದ್ದರು, ಪೊಲೀಸರು ಬಂದಿದ್ದರು, ದೂರದರ್ಶನದ ಕ್ಯಾಮೆರಾಗಳು ನಿಂತಿದ್ದವು. ಆದರೂ ಸುದ್ದಿಯನ್ನು ಕೂಡಲೇ ಪ್ರಕಟಿಸಲಿಲ್ಲ. ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿಯುವವರೆಗೆ ತಿಳಿಸಕೂಡದೆಂಬುದು ಶ್ರೀಗಳ ಇಚ್ಛೆಯಾಗಿತ್ತು. ಕೇಳಿದರೆ ಮಕ್ಕಳು ಉಣ್ಣದೆ ಎದ್ದುಬಿಟ್ಟಾರೆಂಬ ಚಿಂತೆ. ಅಂದು ಕೂಡ ಎಂದಿನಂತೆ ಪಂಕ್ತಿ ಕೂತಿತು, ಬಡಿಸುವ ಮಕ್ಕಳು ಬಡಿಸಿದರು, ತಟ್ಟೆಗಳನ್ನು ತೊಳೆದಿಟ್ಟರು. ಆ ಬಳಿಕ ಅವರಿಗೆ ವಿಷಯ ತಿಳಿಸಲಾಯಿತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೆ ಅದೇ ಒಲೆಯಿಂದ ಅನ್ನ ಹೊರಟಿತು.